ಕೋವಿ ಕಸಿದರೆ ಕೊಲೆ ನಿಲ್ಲುತ್ತದೆಯೇ?

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು, ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆಯುಧಪೂಜೆಯ ದಿನ ನಮ್ಮ ಕಡೆಯ ಒಂದು ತೋಟದ ಮನೆಯ ಜಗಲಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಮರಗಸಿಗೆ, ಅಂದರೆ ನೆರಳಿನ ಮರ ಸವರಲು, ಹೋಗುವ ಕತ್ತಿಗಳು, ಕೊಡಲಿ, ಕುಡುಗೋಲು, ಹಾರೆ, ಗರಗಸ, ಕಳೆ ಹೊಡೆಯುವ ಮಷೀನು, ಔಷಧಿ ಪಂಪು. ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡು ಹೂವು. ಸಾಲಿನ ಕೊನೆಗೆ ಗೋಡೆಗೆ ಒರಗಿಸಿದ ಒಂದು ಕೋವಿ. ಇಷ್ಟರಲ್ಲಿ ಕಾನೂನಿನ ಕಣ್ಣಿಗೆ ಆಯುಧ ಯಾವುದು? ಕೋವಿ ಒಂದೇ.

1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಂ ತೆಗೆದು ಓದಿ. ದಾಳಿಗೆ ಅಥವಾ ರಕ್ಷಣೆಗೆಂದು ತಯಾರಾದ ವಸ್ತುವೇ ಆಯುಧ. ಮನೆಬಳಕೆಗೆ ಅಥವಾ ಬೇಸಾಯಕ್ಕೆಂದೇ ಮಾಡಿದ ವಸ್ತುಗಳು ಆಯುಧವಲ್ಲ. ಲಾಠಿ, ಊರುಗೋಲುಗಳನ್ನು ಕಾಯ್ದೆ ಹೆಸರು ಹಿಡಿದೇ ಹೊರಗಿಟ್ಟಿದೆ. ಚೂರಿ, ಖಡ್ಗಗಳಿಗೆ ನಿಯಮಗಳಲ್ಲಿ ಅಳತೆ ಇದೆ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ಕೃಷಿಗೆ, ಅಡುಗೆಗೆ, ಕೈಗಾರಿಕೆಗೆ ಮಾಡಿದ್ದಕ್ಕೆ ಆ ಅಳತೆಯೂ ಅನ್ವಯಿಸದು. ಹುಟ್ಟುಹಬ್ಬದ ಕೇಕನ್ನು ತಲವಾರಿನಲ್ಲಿ ಕತ್ತರಿಸಿ ಫೋಟೋ ಹಾಕುವ ಹುಡುಗರ ಮೇಲೆ ಕೇಸು ಬೀಳುತ್ತದೆ, ಅದಕ್ಕಿಂತ ಹರಿತವಾದ ಮಚ್ಚನ್ನು ಬೈಕಿಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವವರನ್ನು ಯಾರೂ ತಡೆಯುವುದಿಲ್ಲ. ಇದು ಸರಿಯಾಗಿಯೇ ಇದೆ. ಮಚ್ಚನ್ನು ನಿಷೇಧಿಸಿದರೆ ಮಲೆನಾಡಿನಲ್ಲಿ ಒಂದು ದಿನದ ಕೆಲಸವೂ ಸಾಗದು. ಅದೇ ಮಚ್ಚು ಮನುಷ್ಯನ ಮೇಲೆ ಬಿದ್ದ ಕ್ಷಣ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ, ಅಪಾಯಕಾರಿ ಆಯುಧದಿಂದ ಗಾಯಪಡಿಸಿದ್ದಕ್ಕೆ, ಜಾರಿಗೆ ಬರುತ್ತದೆ. ಅಂದರೆ ಮಚ್ಚಿನ ವಿಷಯದಲ್ಲಿ ಕಾನೂನು ಏಟು ಬಿದ್ದ ಮೇಲೆ ಬರುತ್ತದೆ. ಕೋವಿಯ ವಿಷಯದಲ್ಲಿ ಮೊದಲೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ.

ಈ ಭೇದ ಮಾಡಿದ್ದಕ್ಕೆ ಕಾರಣ ಇದೆಯೇ? ಮನಸ್ಸಿನಲ್ಲಿ ಕೊಲೆ ಇದ್ದವನಿಗೆ ಕೋವಿಯಾದರೇನು, ಕತ್ತಿಯಾದರೇನು ಎಂಬ ವಾದವನ್ನು ಎಲ್ಲ ಊರುಗಳಲ್ಲೂ ಕೇಳುತ್ತೇವೆ. ಅದಕ್ಕೆ ಉತ್ತರ ಹುಡುಕಲು ಒಂದು ದಿನ ಸಾಕು: 2012ರ ಡಿಸೆಂಬರ್ 14. ಅಂದು ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಒಬ್ಬ ಚೂರಿ ಹಿಡಿದು ಪ್ರಾಥಮಿಕ ಶಾಲೆಗೆ ನುಗ್ಗಿದ. 20ಕ್ಕೂ ಹೆಚ್ಚು ಮಕ್ಕಳಿಗೆ ಗಾಯವಾಯಿತು, ಕೆಲವರಿಗೆ ತೀವ್ರವಾಗಿ. ಒಂದು ಮಗುವೂ ಸಾಯಲಿಲ್ಲ. ಅದೇ ದಿನ ಅಮೆರಿಕದ ಸ್ಯಾಂಡಿ ಹುಕ್ ಶಾಲೆಗೆ ಇನ್ನೊಬ್ಬ ಅರೆ ಸ್ವಯಂಚಾಲಿತ ರೈಫಲ್ (ಕೀಲು ಎಳೆದಾಗಲೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನೇ ತುಂಬಿಕೊಳ್ಳುವಂಥದ್ದು) ಹಿಡಿದು ನುಗ್ಗಿದ. ಐದು ನಿಮಿಷದೊಳಗೆ ಆ ರೈಫಲಿನಿಂದ 154 ಗುಂಡು ಹಾರಿದವು. 20 ಮಕ್ಕಳು, 6 ಮಂದಿ ಸಿಬ್ಬಂದಿ ಸತ್ತರು. ಇಬ್ಬರ ಮನಸ್ಸಿನ ಕ್ರೌರ್ಯವನ್ನು ತೂಗಲು ನಮ್ಮಲ್ಲಿ ತಕ್ಕಡಿ ಇಲ್ಲ. ಕೈಯಲ್ಲಿದ್ದ ವಸ್ತುವಿನ ವ್ಯತ್ಯಾಸ ಮಾತ್ರ ಸ್ಪಷ್ಟ.

ಚೂರಿಯಿಂದ ಸಾವಾಗದು ಎಂದು ನಾನು ಹೇಳುತ್ತಿಲ್ಲ. 2001ರಲ್ಲಿ ಜಪಾನಿನ ಒಸಾಕಾ ಬಳಿಯ ಶಾಲೆಯೊಂದರಲ್ಲಿ ಅಡುಗೆ ಚಾಕುವಿನಿಂದಲೇ 8 ಮಕ್ಕಳು ಕೊಲೆಯಾದರು. ಒಂದೆರಡು ಘಟನೆ ಇಟ್ಟುಕೊಂಡು ಲೆಕ್ಕ ಹಾಕುವುದು ತಪ್ಪು. ಸಾವಿರಾರು ಹಲ್ಲೆಗಳನ್ನು ಒಟ್ಟಿಗೆ ನೋಡಿದ ಹಳೆಯ ಅಧ್ಯಯನ ಅಮೆರಿಕದ ಶಿಕಾಗೋ ನಗರದ್ದು, 1968ರಲ್ಲಿ ಪ್ರಕಟವಾದದ್ದು. ಅಲ್ಲಿನ ಜಗಳಗಳ ಕಾರಣ, ಜನ, ಗಾಯದ ಜಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯವು. ಆದರೂ ಗುಂಡೇಟು ತಿಂದವರು ಸಾಯುವ ಪ್ರಮಾಣ ಚೂರಿ ಇರಿತಕ್ಕೆ ಸಿಕ್ಕವರಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಕೊಂದೇ ತೀರುತ್ತೇನೆ ಎಂದು ಲೆಕ್ಕ ಹಾಕಿ ಬಂದವರು ಕಡಿಮೆ. ಸಿಟ್ಟಿನ ಭರದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡವರೇ ಹೆಚ್ಚು. ಏನು ಸಿಕ್ಕಿತು ಎಂಬುದರ ಮೇಲೆ ಅದು ಆಸ್ಪತ್ರೆಯ ಕೇಸೋ ಶವಾಗಾರದ ಕೇಸೋ ಎಂಬುದು ನಿಂತಿತು.

ನಮ್ಮ ದೇಶದ ಅಂಕಿಯೂ ಇದಕ್ಕೆ ದೂರವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು. ಕಾರಣಗಳಲ್ಲಿ ಮೊದಲ ಸ್ಥಾನ ಜಗಳ, ತಂಟೆ ತಕರಾರಿನದು: 9,962. ಹಳೆಯ ದ್ವೇಷ ಅದರ ನಂತರ, 3,761. ಬೇಲಿ, ದಾರಿ, ನೀರು, ಪಾಲು, ಕುಡಿತ. ಇವುಗಳಲ್ಲಿ ಯಾವುದು ನಮ್ಮ ತಾಲೂಕುಗಳಿಗೆ ಹೊಸದು ಹೇಳಿ?

ಈಗ ನಿಷೇಧ ಮಾಡಿದ ದೇಶಗಳ ಕಡೆಗೆ ಹೋಗೋಣ. ಆಸ್ಟ್ರೇಲಿಯಾದ ಹೆಸರು ಎಲ್ಲರ ಬಾಯಲ್ಲೂ ಇದೆ, ಆದರೆ ಅಲ್ಲಿ ನಿಜವಾಗಿ ಏನು ಮಾಡಿದರು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಎರಡು ವಾರ ಕಳೆಯುವುದರೊಳಗೆ ಕೇಂದ್ರ ಮತ್ತು ರಾಜ್ಯಗಳು ಒಪ್ಪಂದಕ್ಕೆ ಬಂದವು. ಅರೆ ಸ್ವಯಂಚಾಲಿತ ರೈಫಲ್, ಪಂಪ್ ಆಕ್ಷನ್ ಶಾಟ್‌ಗನ್ ಬಂದ್. ಸರ್ಕಾರ ಪೇಟೆ ಬೆಲೆ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಕೊಂಡು ನಾಶಮಾಡಿತು. ಹಣಕ್ಕಾಗಿ ಆರೋಗ್ಯ ತೆರಿಗೆಯ ಮೇಲೆ ಒಂದು ಸಲದ ಹೆಚ್ಚುವರಿ ಹಾಕಿತು. ಇಷ್ಟೇ ಆಗಿದ್ದರೆ ಕಥೆ ಅರ್ಧ. ಉಳಿದ ಬಂದೂಕುಗಳಿಗೆ ನೋಂದಣಿ, ಕೊಳ್ಳುವ ಮುನ್ನ 28 ದಿನ ಕಾಯುವ ನಿಯಮ, ಬೀಗ ಹಾಕಿದ ಕಪಾಟು, 'ನಿಜವಾದ ಅಗತ್ಯ' ತೋರಿಸುವ ಷರತ್ತು. ಆತ್ಮರಕ್ಷಣೆ ಅಲ್ಲಿ ಅಗತ್ಯವೆಂದು ಲೆಕ್ಕಕ್ಕೇ ಬರುವುದಿಲ್ಲ. ಜಮೀನು, ಬೇಟೆ, ಗುರಿ ಅಭ್ಯಾಸ ಲೆಕ್ಕಕ್ಕೆ ಬರುತ್ತವೆ.

ಫಲ? ಅದಕ್ಕೂ ಹಿಂದಿನ 18 ವರ್ಷಗಳಲ್ಲಿ ಐದು ಅಥವಾ ಹೆಚ್ಚು ಜನ ಸತ್ತ 13 ಗುಂಡಿನ ದಾಳಿಗಳು ನಡೆದಿದ್ದವು. 1996ರ ನಂತರ 2018ರವರೆಗೆ ಒಂದೂ ಇಲ್ಲ. 2018ರಲ್ಲಿ ಒಂದು ಜಮೀನಿನ ಮನೆಯಲ್ಲಿ ಒಂದೇ ಕುಟುಂಬದ 7 ಜನ ಸತ್ತರು, ಲೈಸೆನ್ಸ್ ಇದ್ದ ಬಂದೂಕುಗಳಿಂದ. ಸಾಮೂಹಿಕ ಹತ್ಯೆಯ ಮಟ್ಟಿಗೆ ಆ 22 ವರ್ಷಗಳ ಫಲ ದೊಡ್ಡದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸಾಮಾನ್ಯ ಕೊಲೆಗಳ ವಿಷಯಕ್ಕೆ ಬಂದರೆ ಅಷ್ಟು ಧೈರ್ಯ ಬೇಡ. ಬಂದೂಕಿನ ಸಾವು ಮೊದಲೇ ವರ್ಷಕ್ಕೆ ಸುಮಾರು ಶೇ. 3ರಂತೆ ಇಳಿಯುತ್ತಿತ್ತು, ಕಾನೂನಿನ ನಂತರ ಸುಮಾರು ಶೇ. 5ರಂತೆ ಇಳಿಯಿತು. ಆದರೆ ಬಂದೂಕು ಇಲ್ಲದ ಕೊಲೆ, ಆತ್ಮಹತ್ಯೆಗಳೂ ಅದೇ ಕಾಲದಲ್ಲಿ ಜೋರಾಗಿ ಇಳಿದವು. ಹಾಗಾಗಿ ಇಳಿಕೆಯಲ್ಲಿ ಕಾನೂನಿನ ಪಾಲು ಎಷ್ಟು ಎಂದು ಬೇರ್ಪಡಿಸಲಾಗದು ಎಂದು ಇದನ್ನು ಅಳೆದ ಸಂಶೋಧಕರೇ 2016ರಲ್ಲಿ ಬರೆದರು.

ಅಮೆರಿಕ 1994ರಲ್ಲಿ ಮಾಡಿದ ನಿಷೇಧ ಇದಕ್ಕೆ ತದ್ವಿರುದ್ಧ. ಅದು ಬಂದೂಕಿನ ಕೆಲಸವನ್ನು ಬಿಟ್ಟು ರೂಪವನ್ನು ನಿಷೇಧಿಸಿತು. ಬಯೊನೆಟ್ ಸಿಕ್ಕಿಸುವ ಕೊಂಡಿ, ಮಡಚುವ ಹಿಡಿ, ಬೆಂಕಿ ಮರೆಮಾಡುವ ಮೂತಿ, ಇಂಥ ಭಾಗಗಳ ಪಟ್ಟಿ. ತಯಾರಕರು ಆ ಕೊಂಡಿಯನ್ನು ಬಿಚ್ಚಿ ಅದೇ ಬಂದೂಕನ್ನು ಹೊಸ ಹೆಸರಿನಲ್ಲಿ ಮಾರಿದರು. 10 ಗುಂಡಿಗಿಂತ ದೊಡ್ಡ ಮ್ಯಾಗಜೀನ್, ಅಂದರೆ ಗುಂಡು ತುಂಬಿಡುವ ಪೆಟ್ಟಿಗೆ, ತಯಾರಿಸುವಂತಿಲ್ಲ ಎಂದರು, ಆಗಲೇ ಜನರ ಕೈಯಲ್ಲಿದ್ದ ಲಕ್ಷಾಂತರ ಮ್ಯಾಗಜೀನ್‌ಗಳನ್ನು ಮುಟ್ಟಲಿಲ್ಲ. 2004ರಲ್ಲಿ ಕಾನೂನಿನ ಅವಧಿ ಮುಗಿಯಿತು. ದಿನನಿತ್ಯದ ಬಂದೂಕು ಅಪರಾಧದಲ್ಲಿ ಇಂಥ ಬಂದೂಕುಗಳ ಪಾಲು ಮೊದಲೇ ಚಿಕ್ಕದು, ಅಲ್ಲಿ ಬಳಕೆಯಾಗುವುದು ಪಿಸ್ತೂಲು. ಒಟ್ಟು ಅಪರಾಧದ ಅಂಕಿಯಲ್ಲಿ ಬದಲಾವಣೆ ಕಾಣದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಬಾಗಿಲು ಮುಚ್ಚಿದಾಗ ಜನ ಯಾವ ಬಾಗಿಲಿಗೆ ಹೋಗುತ್ತಾರೆ ಎಂಬುದನ್ನು ಜಪಾನಿನಿಂದ ಕಲಿಯಬಹುದು. ಅಲ್ಲಿ ಸಾಮಾನ್ಯ ಮನುಷ್ಯನಿಗೆ ಪಿಸ್ತೂಲು ಸಿಗುವುದೇ ಇಲ್ಲ. 2008ರಲ್ಲಿ ಟೋಕಿಯೋದ ಅಕಿಹಬಾರದಲ್ಲಿ ಒಬ್ಬ ಲಾರಿ ನುಗ್ಗಿಸಿ, ಇಳಿದು ಬಾಕುವಿನಿಂದ ಇರಿದು 7 ಜನರನ್ನು ಕೊಂದ. ಮರುವರ್ಷದಿಂದ 5.5 ಸೆಂಟಿಮೀಟರಿಗಿಂತ ಉದ್ದದ ಇಬ್ಬಾಯಿ ಅಲಗು ನಿಷೇಧವಾಯಿತು. ಅಡುಗೆ ಚಾಕು ಉಳಿಯಿತು, ಉಳಿಯಲೇಬೇಕಿತ್ತು. 2019ರಲ್ಲಿ ಕ್ಯೋಟೋದ ಅನಿಮೇಷನ್ ಸ್ಟುಡಿಯೋಗೆ ಒಬ್ಬ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ. 36 ಜನ ಸತ್ತರು. ಆಗ ಜಪಾನ್ ಪೆಟ್ರೋಲನ್ನು ನಿಷೇಧಿಸಲಿಲ್ಲ. ಕ್ಯಾನಿನಲ್ಲಿ ಪೆಟ್ರೋಲ್ ಕೇಳಿದವರ ಗುರುತಿನ ಚೀಟಿ ನೋಡಿ, ಏತಕ್ಕೆ ಎಂದು ಕೇಳಿ, ಬರೆದಿಡಬೇಕು ಎಂದು 2020ರಿಂದ ಬಂಕ್‌ಗಳಿಗೆ ಕಡ್ಡಾಯ ಮಾಡಿತು. ಎಲ್ಲರಿಗೂ ಬೇಕಾದ ವಸ್ತುವಿಗೆ ಇದೇ ದಾರಿ: ಮಾರಾಟವನ್ನು ನಿಲ್ಲಿಸದೆ, ಕೊಂಡವನು ಅನಾಮಿಕನಾಗಿ ಉಳಿಯದಂತೆ ಮಾಡುವುದು.

ನಮ್ಮಲ್ಲಿ ಇದಕ್ಕೆ ಸರಿಸಮನಾದದ್ದು ಆಸಿಡ್. 2013ರ ಜುಲೈನಲ್ಲಿ, ಆಸಿಡ್ ದಾಳಿಗೆ ತುತ್ತಾದ ಲಕ್ಷ್ಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಇನ್ನೂ ಜೀವಂತವಾಗಿದೆ. ಅಂಗಡಿಯವರು ರಿಜಿಸ್ಟರ್ ಇಡಬೇಕು, ಕೊಂಡವರ ಹೆಸರು, ವಿಳಾಸ, ಪ್ರಮಾಣ ಬರೆಯಬೇಕು. ಸರ್ಕಾರಿ ಫೋಟೋ ಗುರುತಿನ ಚೀಟಿ ನೋಡಬೇಕು, ಕಾರಣ ಕೇಳಬೇಕು. 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ದಾಸ್ತಾನಿನ ವಿವರವನ್ನು 15 ದಿನದೊಳಗೆ ಉಪವಿಭಾಗಾಧಿಕಾರಿಗೆ, ಅಂದರೆ ನಮ್ಮ ಜಿಲ್ಲೆಯಲ್ಲಿ ಚಿಕ್ಕಮಗಳೂರು ಅಥವಾ ತರೀಕೆರೆಯ ಎ.ಸಿ. ಅವರಿಗೆ, ಕೊಡಬೇಕು. ತಪ್ಪಿದರೆ ದಾಸ್ತಾನು ಜಪ್ತಿ, 50,000 ರೂಪಾಯಿವರೆಗೆ ದಂಡ.

ಇದು ಸೋರುವುದೆಲ್ಲಿ? ಶೌಚಾಲಯ ತೊಳೆಯುವ ಬಾಟಲಿ ದಿನಸಿ ಅಂಗಡಿಯಲ್ಲಿ ಸಾಬೂನಿನ ಪಕ್ಕದಲ್ಲೇ ಕೂತಿರುತ್ತದೆ. ಗ್ಯಾರೇಜಿನಲ್ಲಿ ಬ್ಯಾಟರಿ ಆಸಿಡ್ಡಿನ ಕ್ಯಾನು. ಕೊಪ್ಪ, ಎನ್.ಆರ್. ಪುರದ ಕಡೆ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಸಿಡ್ ಬೇಕೇ ಬೇಕು. ಇದ್ಯಾವುದನ್ನೂ ನಿಲ್ಲಿಸಲಾಗದು. ಅಪಾಯ ಇರುವುದು ಕ್ಯಾನಿನಿಂದ ಲೋಟಕ್ಕೆ, ಲೋಟದಿಂದ ನೀರಿನ ಬಾಟಲಿಗೆ ಸುರಿದು ಕೊಡುವ ಕಡೆ. ಅಲ್ಲಿ ಬಿಲ್ಲೂ ಇಲ್ಲ, ರಿಜಿಸ್ಟರೂ ಇಲ್ಲ. ಇಲ್ಲಿರುವ ವಕೀಲ ಮಿತ್ರರು ಒಂದು ಕೆಲಸ ಮಾಡಬಹುದು: ಎ.ಸಿ. ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಕಳೆದ ವರ್ಷ ಎಷ್ಟು ಅಂಗಡಿಗಳು ದಾಸ್ತಾನು ಘೋಷಿಸಿವೆ ಎಂದು ಕೇಳುವುದು. ಉತ್ತರದ ಅಂಕಿಯೇ ಆದೇಶದ ಆರೋಗ್ಯವನ್ನು ಹೇಳುತ್ತದೆ.

ಪಿಸ್ತೂಲಿನ ಮಾತಿಗೆ ಬರೋಣ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ಅವರ ಮನೆ ಬಾಗಿಲಲ್ಲೇ ಕೊಂದದ್ದು 7.65 ಮಿ.ಮೀ. ನಾಡ ಪಿಸ್ತೂಲು. ಅಂಥದ್ದನ್ನು ಇಟ್ಟುಕೊಳ್ಳುವುದು ಆಗಲೂ ಅಪರಾಧ, ಈಗಲೂ ಅಪರಾಧ. ಭಾರತದಲ್ಲಿ ನಾಗರಿಕರ ಕೈಯಲ್ಲಿ 7 ಕೋಟಿಗೂ ಹೆಚ್ಚು ಬಂದೂಕುಗಳಿವೆ, ದಾಖಲೆಯಲ್ಲಿರುವುದು 1 ಕೋಟಿಗೂ ಕಡಿಮೆ ಎಂಬುದು 2017ರ ಒಂದು ಅಂತಾರಾಷ್ಟ್ರೀಯ ಅಂದಾಜು. ಬಂದೂಕಿನ ಕೊಲೆಗಳಲ್ಲಿ ಬಹುಪಾಲು ನಡೆಯುವುದು ಆ ದಾಖಲೆ ಇಲ್ಲದ ರಾಶಿಯಿಂದ. ಆದರೆ ಇದರಿಂದ 'ಲೈಸೆನ್ಸು ವ್ಯರ್ಥ' ಎಂಬ ತೀರ್ಮಾನಕ್ಕೆ ಬರಬೇಡಿ. ಪಿಸ್ತೂಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಅವು ಗುಂಡಿನ ಮೇಲೆ ಗೀರು ಬಿಡುತ್ತವೆ, ಕುಟ್ಟುವ ಪಿನ್ನು ತೋಟಾದ ತಳದ ಮೇಲೆ ಗುರುತು ಬಿಡುತ್ತದೆ. ಬೇರೆ ಬೇರೆ ಊರಿನ ಕೊಲೆಗಳನ್ನು ಒಂದೇ ಆಯುಧಕ್ಕೆ ಕಟ್ಟಲು ಪ್ರಯೋಗಾಲಯಕ್ಕೆ ಸಾಧ್ಯವಾಗುವುದು ಹೀಗೆ. ನಮ್ಮ ತೋಟಗಳ 12 ಬೋರ್ ಕೋವಿಯ ನಳಿಗೆ ನುಣುಪು. ಚರೆಗಳ ಮೇಲೆ ಅಂಥ ಗೀರು ಬೀಳುವುದಿಲ್ಲ, ಖಾಲಿ ತೋಟಾ ಸಿಕ್ಕರೆ ಮಾತ್ರ ದಾರಿ. ಮೂತಿಯಿಂದ ಮದ್ದು, ಚರೆ ತುಂಬುವ ಕೇಪಿನ ಕೋವಿಯಲ್ಲಂತೂ ತೋಟಾವೇ ಇಲ್ಲ. ಆದ್ದರಿಂದ ಅಂಥ ಕೋವಿಗಳ ಮಟ್ಟಿಗೆ ನಳಿಗೆಯ ಮೇಲೆ ಕೊರೆದ ನಂಬರು, ಠಾಣೆಯ ಪುಸ್ತಕದಲ್ಲಿರುವ ನಂಬರು, ಇವೆರಡೇ ನಮ್ಮ ಆಧಾರ. ಬಂದೂಕಿನ ನಂಬರು ಉಜ್ಜುವುದನ್ನು ಕಾಯ್ದೆಯ 8ನೇ ಕಲಂ ಪ್ರತ್ಯೇಕವಾಗಿ ನಿಷೇಧಿಸಿರುವುದು, ಉಜ್ಜಿದ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಉಜ್ಜಿದರೆಂದು ಭಾವಿಸುವುದು ಇದಕ್ಕೇ.

ಬೆಳೆಗಾರರು ಕಾಯುತ್ತಿರುವ ವಿಷಯ ಚುನಾವಣೆ. ನೀತಿ ಸಂಹಿತೆ ಬಂದ ಕೂಡಲೇ ಕೋವಿ ಠಾಣೆಗೆ. ಏಪ್ರಿಲ್, ಮೇ ಚುನಾವಣೆ ಎಂದರೆ ಹಲಸು ಹಣ್ಣಾಗುವ ಹೊತ್ತು. ಆನೆ ತೋಟಕ್ಕಿಳಿದಾಗ ಗಾಳಿಯಲ್ಲಿ ಒಂದು ಈಡು ಹೊಡೆಯಲೂ ಕೈಯಲ್ಲಿ ಏನಿಲ್ಲ ಎಂಬುದು ನಿಮ್ಮ ದೂರು, ನ್ಯಾಯವಾದದ್ದೇ. ಆದರೆ ತಾತ್ಕಾಲಿಕ ನಿಷೇಧ ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯವಿದೆ. ಕೊಲಂಬಿಯಾದ ಕಾಲಿ ಮತ್ತು ಬೊಗೋಟ ನಗರಗಳಲ್ಲಿ 1990ರ ದಶಕದಲ್ಲಿ ಸಂಬಳದ ವಾರಾಂತ್ಯ, ರಜೆ, ಚುನಾವಣೆಯ ದಿನ ಬಂದೂಕು ಹಿಡಿದು ಹೊರಗೆ ಬರುವುದನ್ನು ನಿಷೇಧಿಸಿದರು. ಲೈಸೆನ್ಸ್ ರದ್ದು ಮಾಡಲಿಲ್ಲ. ಪೊಲೀಸರು ರಸ್ತೆಗಳಲ್ಲಿ ನಿಂತು ತಪಾಸಣೆ ಮಾಡಿದರು. ಆ ದಿನಗಳಲ್ಲಿ ಕೊಲೆಯ ಪ್ರಮಾಣ ಕಾಲಿಯಲ್ಲಿ ಶೇ. 14, ಬೊಗೋಟದಲ್ಲಿ ಶೇ. 13 ಕಡಿಮೆಯಾಗಿತ್ತು. ಗಮನಿಸಿ: ಅಲ್ಲಿ ತಡೆದದ್ದು ರಸ್ತೆಗೆ ತರುವುದನ್ನು. ಮನೆಯೊಳಗಿನ ಕಪಾಟನ್ನು ಯಾರೂ ತೆರೆಯಲಿಲ್ಲ.

ನಮ್ಮ ಚುನಾವಣಾ ಆಯೋಗದ ಸೂಚನೆಯೂ ಎಲ್ಲರದ್ದನ್ನೂ ಒಟ್ಟಿಗೆ ಬಾಚಿಕೊಳ್ಳಿ ಎಂದಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರು ಯಾರು ಎಂದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರದಾಗಿ ನೋಡಬೇಕು. ಈ ನೋಡುವ ಕೆಲಸಕ್ಕೆ ಸಮಯ, ಸಿಬ್ಬಂದಿ ಬೇಕು. ಎಲ್ಲರದ್ದನ್ನೂ ತಂದಿಡಿ ಎನ್ನುವುದು ಸುಲಭ. ವಿನಾಯಿತಿ ಬೇಕಾದವರು ನೀತಿ ಸಂಹಿತೆ ಬರುವ ತನಕ ಕಾಯಬೇಡಿ. ಲೈಸೆನ್ಸಿನ ಪ್ರತಿ, ಪಹಣಿ, ಬೆಳೆಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ಸ್ವೀಕೃತಿ, ಇವುಗಳೊಂದಿಗೆ ಡಿ.ಸಿ. ಕಚೇರಿಗೆ ಲಿಖಿತ ಮನವಿ ಮೊದಲೇ ಹೋಗಲಿ. ಭದ್ರಾ ಅಭಯಾರಣ್ಯದಿಂದ 10 ಕಿ.ಮೀ. ಒಳಗಿರುವವರ ಮೇಲೆ ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ ಇನ್ನೊಂದು ನೋಂದಣಿಯ ಹೊಣೆಯೂ ಇದೆ. ಅದು ಬಾಕಿ ಇದ್ದರೆ ಮನವಿ ಅಲ್ಲೇ ಮುಗ್ಗರಿಸುತ್ತದೆ.

'ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊಡವರಿಗೆ, ಜಮ್ಮಾ ಭೂಮಿ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದು ಲೈಸೆನ್ಸ್ ಪಡೆಯುವುದರಿಂದ ವಿನಾಯಿತಿ, ಗುಂಡು ಹಾರಿಸಿದ್ದರ ಶಿಕ್ಷೆಯಿಂದಲ್ಲ. ಮದುವೆ ಮನೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ನನ್ನ ಮುಖ್ಯ ಮಾತು ಈಗ. ನಮ್ಮ ಜಿಲ್ಲೆಯಲ್ಲಿ ಜೀವ ಉಳಿಸುವುದು ಹೊಸ ನಿಷೇಧವಲ್ಲ, ತಪ್ಪು ಹೊತ್ತಿನಲ್ಲಿ ತಪ್ಪು ಮನೆಯಲ್ಲಿರುವ ಕೋವಿಯನ್ನು ಆ ಹೊತ್ತಿಗೆ ಹೊರಗೆ ತರುವುದು. ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ 2021ರ ಆಗಸ್ಟ್‌ನಲ್ಲಿ ನಡೆದದ್ದನ್ನು ಓದಿದರೆ ಹೊಟ್ಟೆ ಸಂಕಟವಾಗುತ್ತದೆ. ಹಲ್ಲೆ ಮಾಡಿದ್ದಕ್ಕಾಗಿ ಒಬ್ಬನ ಶಾಟ್‌ಗನ್ನನ್ನು ಪೊಲೀಸರು ಕಿತ್ತಿಟ್ಟಿದ್ದರು. ಜುಲೈನಲ್ಲಿ ವಾಪಸ್ ಕೊಟ್ಟರು. ಮರುತಿಂಗಳು ಅವನು ಅದರಿಂದಲೇ 5 ಜನರನ್ನು ಕೊಂದ, ಅವರಲ್ಲಿ ಒಂದು ಪುಟ್ಟ ಹುಡುಗಿ. ಜಗತ್ತಿನ ಅತಿ ಬಿಗಿ ಕಾನೂನುಗಳಲ್ಲಿ ಒಂದು ಅಲ್ಲಿತ್ತು. ಸೋತದ್ದು ಒಂದು ಕಡತದ ಮೇಲಿನ ಒಂದು ಸಹಿ.

ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಂ ಡಿ.ಸಿ.ಗೆ ಈ ಅಧಿಕಾರ ಕೊಟ್ಟಿದೆ. ಲೈಸೆನ್ಸುದಾರ ಅನರ್ಹ ಎನಿಸಿದರೆ, ಸಾರ್ವಜನಿಕ ಶಾಂತಿಗೆ ಅಗತ್ಯವೆನಿಸಿದರೆ ಲೈಸೆನ್ಸನ್ನು ಅಮಾನತು ಮಾಡಬಹುದು, ರದ್ದು ಮಾಡಬಹುದು. ಕುಡಿದು ಬಂದು ಕೋವಿ ತೋರಿಸಿ ಹೆಂಡತಿ ಮಕ್ಕಳನ್ನು ಬೆದರಿಸುವ ಮನೆಯಿಂದ, ಬೇಲಿ ಜಗಳ ಕೈ ಮಿಲಾಯಿಸುವ ಹಂತಕ್ಕೆ ಬಂದ ಎರಡು ಮನೆಗಳಿಂದ ಅರ್ಜಿ ಬರಬೇಕು. ಅರ್ಜಿಯಲ್ಲಿ ದಿನಾಂಕ, ಹೊತ್ತು, ಆಡಿದ ಮಾತು, ನೋಡಿದವರ ಹೆಸರು ಇರಲಿ. 'ತೊಂದರೆ ಕೊಡುತ್ತಾರೆ' ಎಂಬ ಒಂದು ಸಾಲಿನ ಮೇಲೆ ಯಾವ ಅಧಿಕಾರಿಯೂ ಕಾರಣ ಬರೆದು ಆದೇಶ ಮಾಡಲಾರರು. ಒಂದು ಪ್ರತಿ ಡಿ.ಸಿ.ಗೆ, ಒಂದು ಎಸ್ಪಿಗೆ, ಸ್ವೀಕೃತಿ ಮುದ್ರೆ ಕೈಯಲ್ಲಿ. ಮನೆಯೊಳಗಿನ ಹಿಂಸೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ದಾರಿಯೂ ಇದೆ. ಮ್ಯಾಜಿಸ್ಟ್ರೇಟರು ಲಿಖಿತವಾಗಿ ಹೇಳಿದರೆ ಸಂರಕ್ಷಣಾಧಿಕಾರಿ ಪೊಲೀಸರ ನೆರವಿನಿಂದ ಆಯುಧವನ್ನು ವಶಪಡಿಸಿಕೊಳ್ಳಬೇಕು ಎಂದು ಅದರ ನಿಯಮಗಳಲ್ಲಿ ಸ್ಪಷ್ಟವಾಗಿದೆ. ಅಲ್ಲಿ 'ಆಯುಧ' ಎಂದರೆ ಕೋವಿ ಮಾತ್ರ ಎಂದಿಲ್ಲ; ಆ ಹಿಂಸೆಯಲ್ಲಿ ಬಳಕೆಯಾದ ಮಚ್ಚೂ ಬರುತ್ತದೆ. ಈ ನಿಯಮ ಕೇಳಿದವರಿಗೆ ಮಾತ್ರ ಸಿಗುತ್ತದೆ, ಕೇಳುವವರು ತೀರ ಕಡಿಮೆ.

ಕೊನೆಯದು, ಅಟ್ಟದ ಮೇಲಿನ ಕೋವಿಗಳು. ಬೆಳೆ ರಕ್ಷಣೆಗೆ ಕೇಪಿನ ಕೋವಿ, ಅದು ಸಾಲದಿದ್ದರೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯದು ಎಂದು ಶಸ್ತ್ರಾಸ್ತ್ರ ಕಾಯ್ದೆ ಹೇಳುತ್ತದೆ. ಹಾಗಾಗಿ ನಮ್ಮ ಹಳೆಯ ಮನೆಗಳಲ್ಲಿ ಕೇಪಿನ ಕೋವಿ ಇವತ್ತಿಗೂ ಇದೆ. ತೋಟಾ ಕೋವಿಯನ್ನು ಮಡಚಿ ನೋಡಿದರೆ ಒಳಗೆ ಏನಿದೆ ಎಂದು ತಿಳಿಯುತ್ತದೆ. ಕೇಪಿನ ಕೋವಿ ಹಾಗಲ್ಲ. ಕೇಪು ತೆಗೆದಿಟ್ಟರೂ ನಳಿಗೆಯೊಳಗೆ ಮದ್ದು, ಚರೆ ಹಾಗೇ ಕೂತಿರುತ್ತವೆ, ವರ್ಷಗಟ್ಟಲೆ. ಮಗು ಕೀಲು ಎಳೆದರೆ ಏನೂ ಆಗದು ಎಂಬ ನಂಬಿಕೆಯಲ್ಲಿ ಅದನ್ನು ಗೋಡೆಗೆ ತೂಗುಹಾಕುತ್ತಾರೆ. ನೋಡುವ ವಿಧಾನ ಸರಳ: ಮೂತಿಯನ್ನು ಯಾರ ಕಡೆಗೂ ತಿರುಗಿಸದೆ, ಗಜದ ಕಡ್ಡಿಯನ್ನು (ಮದ್ದು ಜಡಿಯುವ ಸರಳು) ನಳಿಗೆಯೊಳಗೆ ಮೆಲ್ಲಗೆ ಇಳಿಬಿಡಿ, ಕುಟ್ಟಬೇಡಿ. ಮೂತಿಯ ಅಂಚಿಗೆ ಕಡ್ಡಿಯ ಮೇಲೆ ಗುರುತು ಹಾಕಿ ಹೊರತೆಗೆಯಿರಿ. ನಳಿಗೆಯ ಹೊರಮೈಗೆ ಅದನ್ನು ಹಿಡಿದು ಅಳೆಯಿರಿ. ಕಡ್ಡಿಯ ತುದಿ ಕೇಪು ಕೂರುವ ಜಾಗದ ತನಕ ಬರದೆ ಮೇಲೇ ನಿಂತರೆ ಒಳಗೆ ಈಡು ಇದೆ ಎಂದೇ ತಿಳಿಯಿರಿ. ನೀವೇ ತೆಗೆಯಲು ಹೋಗಬೇಡಿ. ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯನ್ನು ಕರೆಸಿ, ಠಾಣೆಗೂ ತಿಳಿಸಿ.

ಕೋವಿಯ ಲೈಸೆನ್ಸು ಅಜ್ಜನ ಹೆಸರಿನಲ್ಲಿದ್ದರೆ, ಅಜ್ಜ ತೀರಿಕೊಂಡ ದಿನವೇ ಆ ಲೈಸೆನ್ಸೂ ತೀರಿತು. ಅಲ್ಲಿಂದಾಚೆ ಆ ಕೋವಿ ಮನೆಯಲ್ಲಿದ್ದರೆ, ಮೊಮ್ಮಗ ಎಷ್ಟೇ ಒಳ್ಳೆಯವನಿರಲಿ, ದಾಖಲೆ ಇಲ್ಲದ ಬಂದೂಕು. ತಿಥಿ ಮುಗಿಯಲಿ ಎಂದು ಕಾದು ಕೂರದೆ, ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ವ್ಯಾಪಾರಿಯ ಬಳಿ ಇಡಬೇಕು. ರಸೀದಿಯಲ್ಲಿ ಕೋವಿಯ ಬಗೆ, ನಳಿಗೆಯ ನಂಬರು, ಜೊತೆಗೆ ಕೊಟ್ಟ ತೋಟಾಗಳ ಸಂಖ್ಯೆ ಬರೆಸಿಕೊಳ್ಳಿ. ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಮುಂದೆ ವಾಪಸ್ ಪಡೆಯುವಾಗ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟು ಮನೆಯ ಒಬ್ಬರ ಹೆಸರಿಗೆ ಅರ್ಜಿ ಹಾಕಿ. ಯಾರಿಗೂ ಬೇಡವೆಂದರೆ ಮಾರಬಹುದು, ಸರ್ಕಾರಕ್ಕೆ ಒಪ್ಪಿಸಬಹುದು. ಅರ್ಜಿಯ ನಮೂನೆ ತುಂಬಲು ಬರದವರು ಇಲ್ಲಿ ಕೂತಿರುವ ಕಾನೂನು ವಿದ್ಯಾರ್ಥಿಗಳನ್ನು ಕೇಳಿ, ಹೊರಗಿನ ಮೇಜಿನ ಮೇಲೆ ಪ್ರತಿಗಳನ್ನು ಇಟ್ಟಿದ್ದೇವೆ.